ಯಾರಿಗಾಗಿ ಜಾಗ ಖಾಲಿ ಮಾಡುತ್ತಿದ್ದೇವೆ?

ನಾಗ್ಪುರ ಜಿಲ್ಲೆಯ ಸರ್ಕಾರಿ ಆಸ್ಪತ್ರೆಗಳಲ್ಲಿ ಬಡವರ ಕೈಗೆ ಬಂದ ಸಿಪ್ರೋಫ್ಲಾಕ್ಸಾಸಿನ್ ಎಂಬ ಆಂಟಿಬಯಾಟಿಕ್ ಮಾತ್ರೆಗಳಲ್ಲಿ ಸಿಪ್ರೋಫ್ಲಾಕ್ಸಾಸಿನ್ ಇರಲಿಲ್ಲ. ಕಳಮೇಶ್ವರದ ಗ್ರಾಮೀಣ ಆಸ್ಪತ್ರೆಯಿಂದ ಔಷಧ ನಿರೀಕ್ಷಕರು ಒಯ್ದ ಮಾದರಿಯಲ್ಲಿ ಮದ್ದಿನ ಅಂಶವೇ ಇಲ್ಲವೆಂದು ಪ್ರಯೋಗಾಲಯ ವರದಿ ಕೊಟ್ಟಿತು. 2023ರ ಕೊನೆಗೆ ವಿಷಯ ಹೊರಬಿತ್ತು. ತಯಾರಕರೆಂದು ಅಚ್ಚಾಗಿದ್ದ ಕಂಪನಿಯನ್ನು ಹುಡುಕಿ ಹೊರಟರೆ ಅಂಥದೊಂದು ಕಂಪನಿಯೇ ಇಲ್ಲ. ಊರಿನವರು ‘ಮೇಯೋ’ ಎಂದೇ ಕರೆಯುವ ಇಂದಿರಾ ಗಾಂಧಿ ಸರ್ಕಾರಿ ವೈದ್ಯಕೀಯ ಕಾಲೇಜಿನ ದಾಸ್ತಾನಿನಲ್ಲೂ ಇಂಥದೇ ಸರಕು ಸಿಕ್ಕಿತು. 2024ರ ಸೆಪ್ಟೆಂಬರಿನ ಹೊತ್ತಿಗೆ ಪೊಲೀಸರು ಸುಮಾರು 1,200 ಪುಟಗಳ ಆರೋಪಪಟ್ಟಿ ಸಲ್ಲಿಸಿದರು. ಅದರ ಪ್ರಕಾರ ಆ ಮಾತ್ರೆ ಎಂದರೆ ಟಾಲ್ಕಂ ಪೌಡರು ಮತ್ತು ಗಂಜಿಹಿಟ್ಟು. ತಯಾರಾದದ್ದು ಹರಿದ್ವಾರದಲ್ಲಿ, ಜಾನುವಾರುಗಳ ಔಷಧಿ ಮಾಡುವ ಒಂದು ಪ್ರಯೋಗಾಲಯದಲ್ಲಿ.

ಓದಿದವರೆಲ್ಲ ಸಿಟ್ಟಾದೆವು. ಆಗಲೇಬೇಕಿತ್ತು. ಜ್ವರದಲ್ಲಿ ಬೇಯುವವನ ಬಾಯಿಗೆ ಮುಖಕ್ಕೆ ಹಚ್ಚುವ ಪುಡಿ ಹಾಕಿದವರ ಮೇಲೆ ಸಿಟ್ಟು ಬರದಿದ್ದರೆ ನಾವು ಮನುಷ್ಯರೇ ಅಲ್ಲ. ಆದರೆ ಈ ಸಿಟ್ಟು ಸುಲಭದ್ದು, ಏಕೆಂದರೆ ಅಪರಾಧಿ ಬೇರೆಯವನು. ಅಸಲಿ ಕಂಪನಿಯ, ಮದ್ದು ತುಂಬಿದ, ಬಿಲ್ಲು ಸಮೇತ ಕೊಂಡ ಆಂಟಿಬಯಾಟಿಕ್ಕನ್ನು ಬೇಡದ ಕೆಮ್ಮಿಗೆ ನುಂಗುತ್ತೇವಲ್ಲ, ಆಗ ಯಾರಿಗೂ ಸಿಟ್ಟು ಬರುವುದಿಲ್ಲ. ಅದಕ್ಕೆ ಆರೋಪಪಟ್ಟಿಯೂ ಇಲ್ಲ. ನಾನು ಬರೆಯಲು ಕೂತದ್ದು ಆ ಎರಡನೆಯ ಮಾತ್ರೆಯ ಬಗ್ಗೆ.

ಚಳಿಗಾಲದ ಸಂಜೆ ನಾಗ್ಪುರದ ಸೀತಾಬರ್ಡಿಯಲ್ಲೋ ಇತ್ವಾರಿಯಲ್ಲೋ ಯಾವ ಔಷಧಿ ಅಂಗಡಿಯ ಮುಂದೆ ಬೇಕಾದರೂ ಸ್ವಲ್ಪ ಹೊತ್ತು ನಿಲ್ಲಿ. “ಭಾವೂ, ಕಫ ಕಡಿಮೆ ಆಗ್ತಿಲ್ಲ, ಸ್ವಲ್ಪ ಪವರ್ ಇರೋದು ಕೊಡಿ” ಎಂಬ ಮಾತು ಮರಾಠಿಯಲ್ಲೋ ಹಿಂದಿಯಲ್ಲೋ ಕಿವಿಗೆ ಬೀಳುತ್ತದೆ. ಅಂಗಡಿಯವನು ಚೀಟಿ ಕೇಳುವುದಿಲ್ಲ. ಹಿಂದಿನ ಕಪಾಟಿನಿಂದ ಅಜಿಥ್ರೋಮೈಸಿನ್ ಪಟ್ಟಿಯೊಂದು ಕೈಗೆ ಬರುತ್ತದೆ. ನಗಬೇಡಿ, ಹುಬ್ಬಳ್ಳಿಯ, ದಾವಣಗೆರೆಯ, ಬೆಂಗಳೂರಿನ ಅಂಗಡಿಗಳಲ್ಲಿ ಕನ್ನಡದಲ್ಲಿ ನಡೆಯುವುದೂ ಇದೇ ಸಂಭಾಷಣೆ. “ಅಣ್ಣಾ, ಹೋದ ಸಲ ಮೂರು ಮಾತ್ರೆ ಕೊಟ್ಟಿದ್ರಲ್ಲ, ಅದನ್ನೇ ಕೊಡಿ.” ಕೊಳ್ಳುವವನ ಮನಸ್ಸಿನಲ್ಲಿ ಲೆಕ್ಕ ಸರಳ: ಉಪಯೋಗವಾದರೆ ಆಯಿತು, ಆಗದಿದ್ದರೆ ನಷ್ಟವೇನು?

ನಷ್ಟ ಎಲ್ಲಿದೆ ಎಂದು ಹೇಳುವುದೇ ಈ ಬರಹದ ಕೆಲಸ.

ಒಂದು ರೋಗಾಣು, ಒಂದು ಮದ್ದು, ಇಬ್ಬರ ನಡುವೆ ಒಂದು ಕಾಳಗ ಎಂದು ನಾವು ನಂಬಿದ್ದೇವೆ. ವೈದ್ಯಪುಸ್ತಕಗಳೂ ಬಹುಕಾಲ ಹಾಗೇ ನಂಬಿದ್ದವು. ಆರೋಗ್ಯವಂತನ ಶ್ವಾಸಕೋಶದಲ್ಲಿ ಬ್ಯಾಕ್ಟೀರಿಯಾ ಇರುವುದೇ ಇಲ್ಲ ಎಂದು ಕಲಿಸುತ್ತಿದ್ದವು. ಈಗ ಗೊತ್ತಿರುವುದು ಬೇರೆ. ಮೂಗಿನ ಹೊಳ್ಳೆಯಿಂದ ಹಿಡಿದು ಶ್ವಾಸನಾಳದ ಕವಲುಗಳವರೆಗೆ ಕಡಿಮೆಯೋ ಹೆಚ್ಚೋ ನಿವಾಸಿಗಳು ಇದ್ದೇ ಇರುತ್ತಾರೆ. ಅವರು ಅಕ್ಕಪಕ್ಕ ಸುಮ್ಮನೆ ಕೂತಿರುವುದಿಲ್ಲ. ಜಾಗಕ್ಕೆ, ಕಬ್ಬಿಣದ ಅಂಶಕ್ಕೆ, ಆಹಾರಕ್ಕೆ ಹೊಡೆದಾಡುತ್ತಾರೆ. ಮಕ್ಕಳ ಮೂಗಿನಲ್ಲಿ ವಾಸಿಸುವ ನ್ಯುಮೋಕಾಕಸ್ ಹೈಡ್ರೋಜನ್ ಪೆರಾಕ್ಸೈಡ್ ಉತ್ಪಾದಿಸುತ್ತದೆ. ಪಕ್ಕದ ಹಿಮೋಫಿಲಸ್ ಇನ್‌ಫ್ಲುಯೆಂಜಾ, ಸ್ಟ್ಯಾಫಿಲೋಕಾಕಸ್‌ಗಳನ್ನು ಅದು ಸಾಯಿಸಬಲ್ಲದು. ಸ್ಟ್ಯಾಫಿಲೋಕಾಕಸ್ ಲುಗ್ಡುನೆನ್ಸಿಸ್ ಎಂಬ ಮತ್ತೊಂದು ಮೂಗುವಾಸಿ, ಅಪಾಯಕಾರಿಯಾದ ಸ್ಟ್ಯಾಫಿಲೋಕಾಕಸ್ ಆರಿಯಸ್ಸನ್ನು ಕೊಲ್ಲುವ ವಸ್ತುವೊಂದನ್ನು ತಯಾರಿಸುತ್ತದೆಂದು ಜರ್ಮನಿಯ ಟ್ಯೂಬಿಂಗನ್ ವಿಜ್ಞಾನಿಗಳು 2016ರಲ್ಲಿ ತೋರಿಸಿದರು.

ಆಂಟಿಬಯಾಟಿಕ್ ಎಂಬುದೇ ಈ ಹೊಡೆದಾಟದ ಆಯುಧ. 1928ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಕಂಡದ್ದು ಏನು? ಒಂದು ತಟ್ಟೆಯಲ್ಲಿ ಬೂಷ್ಟು ಮತ್ತು ಸ್ಟ್ಯಾಫಿಲೋಕಾಕಸ್ ಜಾಗಕ್ಕಾಗಿ ಸೆಣಸಿದ್ದು, ಬೂಷ್ಟು ಗೆದ್ದದ್ದು. ಕ್ಷಯಕ್ಕೆ ಮೊದಲ ಮದ್ದಾದ ಸ್ಟ್ರೆಪ್ಟೊಮೈಸಿನ್ 1943ರಲ್ಲಿ ಸಿಕ್ಕಿದ್ದು ಮಣ್ಣಿನ ಬ್ಯಾಕ್ಟೀರಿಯಾದಿಂದ. ಇನ್ನೂ ಹಿಂದಕ್ಕೆ ಹೋದರೆ, 1899ರಲ್ಲೇ ಜರ್ಮನಿಯ ಇಬ್ಬರು ಸ್ಯೂಡೋಮೊನಾಸ್ ಬ್ಯಾಕ್ಟೀರಿಯಾದ ಸಾರವನ್ನು ತೆಗೆದು ಬೇರೆ ರೋಗಾಣುಗಳ ಮೇಲೆ ಔಷಧಿಯಾಗಿ ಬಳಸಲು ಹೊರಟಿದ್ದರು. ಇಂದು ಐಸಿಯುಗಳನ್ನು ನಡುಗಿಸುವ ಅದೇ ಸ್ಯೂಡೋಮೊನಾಸ್! ಆಯುಧ ಎಷ್ಟು ಹಳೆಯದೋ ಅದಕ್ಕೆ ಗುರಾಣಿಯೂ ಅಷ್ಟೇ ಹಳೆಯದು. ಕೆನಡಾದ ಹೆಪ್ಪುಗಟ್ಟಿದ ನೆಲದಲ್ಲಿ 30,000 ವರ್ಷ ಹಿಂದಿನ ಔಷಧ ನಿರೋಧಕ ಜೀನುಗಳು ಸಿಕ್ಕಿವೆ. ಆಗ ಮನುಷ್ಯ ಒಂದು ಮಾತ್ರೆಯನ್ನೂ ಮಾಡಿರಲಿಲ್ಲ.

ಆದ್ದರಿಂದ ಮಾತ್ರೆ ನುಂಗುವುದೆಂದರೆ ಮೊದಲೇ ನಡೆಯುತ್ತಿದ್ದ ಒಂದು ಕಾದಾಟದ ನಡುವೆ ಹೋಗಿ ನಿಂತು, ಯಾರು ಸೋಲಬೇಕೆಂದು ತೀರ್ಪು ಕೊಡುವುದು. ಸೋಲುವವರು ಯಾರೆಂದು ನಮಗೆ ಅರೆಬರೆ ಗೊತ್ತು. ಗೆಲ್ಲುವವರು ಯಾರೆಂದು ಕೇಳುವುದೇ ಇಲ್ಲ.

ಇದನ್ನು ಬಿಡಿಸಿ ತೋರಿಸಿದ್ದು ಸಿಸ್ಟಿಕ್ ಫೈಬ್ರೋಸಿಸ್ ಎಂಬ ಆನುವಂಶಿಕ ಕಾಯಿಲೆಯ ಮಕ್ಕಳು. ಆ ಮಕ್ಕಳ ಶ್ವಾಸನಾಳದಲ್ಲಿ ಕಫ ಅಂಟಾಗಿ ನಿಲ್ಲುತ್ತದೆ. ಎಳವೆಯಲ್ಲಿ ಅಲ್ಲಿ ಸ್ಟ್ಯಾಫಿಲೋಕಾಕಸ್ ಆರಿಯಸ್ ಬೀಡುಬಿಡುತ್ತದೆ, ದೊಡ್ಡವರಾದಂತೆ ಸ್ಯೂಡೋಮೊನಾಸ್ ಏರುಜಿನೋಸಾ ಮೇಲುಗೈ ಪಡೆಯುತ್ತದೆ. ಮೊದಲನೆಯದನ್ನು ಮುಂಚೆಯೇ ತಡೆದರೆ ಹೇಗೆ ಎಂದು ಅಮೆರಿಕದ ವೈದ್ಯರು ಎಳೆಯ ಮಕ್ಕಳಿಗೆ ವರ್ಷಗಟ್ಟಲೆ ಸೆಫಲೆಕ್ಸಿನ್ ಕೊಟ್ಟು ನೋಡಿದರು. ಇನ್ನೊಂದು ಗುಂಪಿಗೆ ಮದ್ದಿಲ್ಲದ ಹುಸಿಮಾತ್ರೆ. ಫಲಿತಾಂಶ 2002ರಲ್ಲಿ ಬಂತು. ಹುಸಿಮಾತ್ರೆಯ ಮಕ್ಕಳ ಕಲ್ಚರ್ ಪರೀಕ್ಷೆಗಳಲ್ಲಿ ಸುಮಾರು 30 ಶೇಕಡಾದಲ್ಲಿ ಸ್ಟ್ಯಾಫಿಲೋಕಾಕಸ್ ಇತ್ತು. ಸೆಫಲೆಕ್ಸಿನ್ ಮಕ್ಕಳಲ್ಲಿ 6 ಶೇಕಡಾ ಮಾತ್ರ. ಇಷ್ಟಕ್ಕೇ ನಿಲ್ಲಿಸಿದರೆ ಅದ್ಭುತ ಗೆಲುವು. ಆದರೆ ಸ್ಯೂಡೋಮೊನಾಸ್ ಹುಸಿಮಾತ್ರೆಯವರಲ್ಲಿ ಸುಮಾರು 14 ಶೇಕಡಾ ಇದ್ದರೆ ಸೆಫಲೆಕ್ಸಿನ್ ತೆಗೆದುಕೊಂಡವರಲ್ಲಿ 26ಕ್ಕೆ ಏರಿತ್ತು. ಮಕ್ಕಳ ಆರೋಗ್ಯದಲ್ಲಿ ಮಾತ್ರ ಹೇಳಿಕೊಳ್ಳುವ ಸುಧಾರಣೆ ಏನೂ ಇರಲಿಲ್ಲ. ಸಣ್ಣ ಶತ್ರುವನ್ನು ಓಡಿಸಿ ದೊಡ್ಡ ಶತ್ರುವಿಗೆ ಕದ ತೆಗೆದಂತಾಯಿತು. ಕೊಟ್ಟವರು ಕೆಟ್ಟವರಲ್ಲ, ಬಲ್ಲ ವೈದ್ಯರು. ಮಕ್ಕಳ ಮೇಲಿನ ಪ್ರೀತಿಯಿಂದಲೇ ಕೊಟ್ಟರು. ಪ್ರೀತಿ ಸಾಲದು ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಕೆ?

ಈ ಇಬ್ಬರು ವೈರಿಗಳ ನಡುವೆ ಇನ್ನೊಂದು ವಿಚಿತ್ರವಿದೆ. ಸ್ಯೂಡೋಮೊನಾಸ್ ಹೊರಬಿಡುವ ಒಂದು ರಾಸಾಯನಿಕ ಸ್ಟ್ಯಾಫಿಲೋಕಾಕಸ್ಸಿನ ಉಸಿರಾಟವನ್ನೇ ಕಟ್ಟಿಬಿಡುತ್ತದೆ. ಸ್ಟ್ಯಾಫಿಲೋಕಾಕಸ್ ಎಲ್ಲ ಸಲವೂ ಸಾಯುವುದಿಲ್ಲ. ಕುಗ್ಗಿ, ನಿಧಾನವಾಗಿ ಬೆಳೆಯುವ ಚಿಕ್ಕ ಗುಂಪುಗಳಾಗಿ ಉಳಿದುಕೊಳ್ಳುತ್ತದೆ. ಟೊಬ್ರಾಮೈಸಿನ್, ಜೆಂಟಮೈಸಿನ್‌ನಂಥ ಮದ್ದು ಜೀವಕೋಶದೊಳಗೆ ಹೋಗಬೇಕಾದರೆ ಆ ಉಸಿರಾಟ ನಡೆಯುತ್ತಿರಬೇಕು. ಕಟ್ಟಿದ ಮೇಲೆ ಮದ್ದು ಒಳಗೆ ಹೋಗುವುದೆಲ್ಲಿಂದ? ವೈರಿ ಕೊಟ್ಟ ಏಟೇ ಮದ್ದಿನಿಂದ ಕಾಯುವ ಕವಚವಾಯಿತು. ಮೊರಾಕ್ಸೆಲ್ಲಾ ಎಂಬ ಬ್ಯಾಕ್ಟೀರಿಯಾದ ಕಥೆ ಬೇರೆ ಥರ: ಅದು ತನ್ನ ರಕ್ಷಣೆಗೆ ಪೆನ್ಸಿಲಿನ್ ಜಾತಿಯ ಮದ್ದನ್ನು ಒಡೆಯುವ ಕಿಣ್ವ ಬಿಡುತ್ತದೆ, ಪಕ್ಕದಲ್ಲಿರುವ ನ್ಯುಮೋಕಾಕಸ್ಸೂ ಅದರ ನೆರಳಲ್ಲಿ ಬದುಕಿಕೊಳ್ಳುತ್ತದೆ. ಕಫದ ಕಲ್ಚರ್ ರಿಪೋರ್ಟಿನಲ್ಲಿ ಇದೊಂದೂ ಕಾಣುವುದಿಲ್ಲ. ಅಲ್ಲಿ ಒಂದೊಂದು ಬ್ಯಾಕ್ಟೀರಿಯಾವನ್ನೂ ಬೇರ್ಪಡಿಸಿ, ಒಂಟಿಯಾಗಿ ತಟ್ಟೆಯಲ್ಲಿ ಬೆಳೆಸಿ, ಯಾವ ಮದ್ದಿಗೆ ಸಾಯುತ್ತದೆಂದು ನೋಡುತ್ತಾರೆ. ಎದೆಯೊಳಗೆ ಅದು ಒಂಟಿಯಲ್ಲ.

ಸಿಸ್ಟಿಕ್ ಫೈಬ್ರೋಸಿಸ್ ನಮ್ಮಲ್ಲಿ ವಿರಳವಲ್ಲವೆ, ನಮಗೇನು ಎನ್ನಬೇಡಿ. ಕಾಯಿಲೆಯ ಹೆಸರು ಬೇರೆ, ಜರ್ಜರಿತ ಶ್ವಾಸಕೋಶ ಅದೇ. ಶ್ವಾಸನಾಳ ಹಿಗ್ಗಿ ಸೊರಗುವ ಬ್ರಾಂಕಿಯೆಕ್ಟಾಸಿಸ್ ರೋಗಿಗಳ ಭಾರತದ ನೋಂದಣಿಯೊಂದು 2019ರಲ್ಲಿ ಪ್ರಕಟವಾಯಿತು. 2,195 ರೋಗಿಗಳಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಮಂದಿಯ ಶ್ವಾಸಕೋಶ ಕೆಟ್ಟದ್ದು ಕ್ಷಯದಿಂದ. ಅವರ ಕಫದಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಸಿಕ್ಕ ಬ್ಯಾಕ್ಟೀರಿಯಾ ಸ್ಯೂಡೋಮೊನಾಸ್. ಕ್ಷಯ ವಾಸಿಯಾದರೂ ಗುಳಿಬಿದ್ದ ಎದೆ ಉಳಿದವರು ನಾಗ್ಪುರದ ಸುತ್ತಣ ವಿದರ್ಭದ ಹಳ್ಳಿಗಳಲ್ಲೂ ಇದ್ದಾರೆ, ನಮ್ಮ ಕಲಬುರಗಿ, ರಾಯಚೂರಿನಲ್ಲೂ ಇದ್ದಾರೆ. ಪ್ರತಿ ಚಳಿಗಾಲ ಅವರು ಕೆಮ್ಮುತ್ತಾರೆ. ಪ್ರತಿ ಚಳಿಗಾಲ ಅಂಗಡಿಯಿಂದ ಮೂರು ಮಾತ್ರೆ.

ಒಬ್ಬ ಶತ್ರುವನ್ನು ಓಡಿಸಿದರೆ ಆ ಜಾಗಕ್ಕೆ ಇನ್ನೊಬ್ಬ ಬರುತ್ತಾನೆಂಬ ಮಾತನ್ನು ವಿದರ್ಭದ ರೈತನಿಗೆ ಇಷ್ಟು ಸುತ್ತಿ ಬಳಸಿ ಹೇಳಬೇಕಾಗಿಲ್ಲ. ಅವನು ತನ್ನ ಹತ್ತಿ ಹೊಲದಲ್ಲಿ ನೋಡಿದ್ದಾನೆ. 2002ರಲ್ಲಿ, ಹುಳುವನ್ನು ಕೊಲ್ಲುವ ಮದ್ದನ್ನು ಗಿಡದೊಳಗೇ ಹೊತ್ತ ಬಿಟಿ ಹತ್ತಿ ಬಂದಾಗ ಕಾಯಿಕೊರಕ ಹುಳು ಸತ್ತಿತು, ಔಷಧಿ ಸಿಂಪಡಣೆ ಇಳಿಯಿತು, ಎಲ್ಲರೂ ಸಂತೋಷಪಟ್ಟರು. ಕಾಯಿಕೊರಕ ಬಿಟ್ಟುಹೋದ ಜಾಗಕ್ಕೆ ರಸ ಹೀರುವ ಕೀಟಗಳು ಬಂದವು. ಆಮೇಲೆ, ಎರಡನೆಯ ತಲೆಮಾರಿನ ಬಿಟಿಯನ್ನೂ ಜಯಿಸಿದ ಗುಲಾಬಿ ಕಾಯಿಕೊರಕ ಬಂತು. 2017ರಲ್ಲಿ ಯವತ್ಮಾಳದಲ್ಲಿ ಈ ಕೀಟಗಳ ಮೇಲೆ ವಿಷ ಸಿಂಪಡಿಸುತ್ತ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು.  ಬಿಟಿ ಬೀಜದ ಪೊಟ್ಟಣದ ಜೊತೆಗೆ 120 ಗ್ರಾಂ ಸಾದಾ ಹತ್ತಿಬೀಜ ಕೊಡುತ್ತಿದ್ದುದು ಹಾವೇರಿಯ ರೈತರಿಗೂ ನೆನಪಿರಬಹುದು. ಹೊಲದ ಸುತ್ತ ಅದನ್ನು ಬಿತ್ತಿದರೆ ಮದ್ದಿಗೆ ಸಾಯುವ ಹುಳುಗಳು ಅಲ್ಲಿ ಒಂದಿಷ್ಟು ಉಳಿದು, ಸಾಯದ ಹುಳುಗಳ ಸಂಖ್ಯೆ ಬೆಳೆಯದಂತೆ ತಡೆಯುತ್ತವೆ ಎಂಬುದು ಲೆಕ್ಕ. ಹೆಚ್ಚಿನವರು ಬಿತ್ತಲಿಲ್ಲ. ಹುಳುವಿಗೆಂದು ಯಾರು ಹೊಲ ಬಿಡುತ್ತಾರೆ?

ಎದೆಯೊಳಗೂ ಮದ್ದಿಗೆ ಸಾಯುವ ಬ್ಯಾಕ್ಟೀರಿಯಾಗಳೇ ಮದ್ದಿಗೆ ಸಾಯದವುಗಳನ್ನು ಹದ್ದುಬಸ್ತಿನಲ್ಲಿಟ್ಟಿರುತ್ತವೆ. ಮದ್ದನ್ನು ತಡೆಯುವ ಶಕ್ತಿ ಪುಕ್ಕಟೆ ಬರುವುದಿಲ್ಲ. ಅದಕ್ಕೆ ಬ್ಯಾಕ್ಟೀರಿಯಾ ತನ್ನ ಬೆಳವಣಿಗೆಯ ವೇಗದಲ್ಲಿ ಬೆಲೆ ತೆರುವುದೇ ಹೆಚ್ಚು. ಮದ್ದಿಲ್ಲದ ದಿನಗಳಲ್ಲಿ ಓಟದಲ್ಲಿ ಅದು ಹಿಂದೆ. ಆಂಟಿಬಯಾಟಿಕ್ ಬಂದ ದಿನ ಮುಂದೆ ಓಡುತ್ತಿದ್ದವರೆಲ್ಲ ಬೀಳುತ್ತಾರೆ, ಹಿಂದಿದ್ದವನಿಗೆ ಇಡೀ ಬಯಲು. ಒಮ್ಮೆ ಬಯಲು ಸಿಕ್ಕ ಮೇಲೆ ಬೆಲೆಯನ್ನು ಕಡಿಮೆ ಮಾಡಿಕೊಳ್ಳುವ ಹೊಸ ಮಾರ್ಪಾಡುಗಳೂ ಬರುತ್ತವೆ. ಆಮೇಲೆ ಮಾತ್ರೆ ನಿಲ್ಲಿಸಿದರೂ ಅವನು ಹಿಂದೆ ಬೀಳುವುದಿಲ್ಲ.

ಎಷ್ಟು ದಿನ ಉಳಿಯುತ್ತಾನೆ? ಬೆಲ್ಜಿಯಂನಲ್ಲಿ ಇದನ್ನು ಅಳೆದರು. ಕಾಯಿಲೆಯೇ ಇಲ್ಲದ ಸ್ವಯಂಸೇವಕರಿಗೆ ಮೂರು ದಿನ ಅಜಿಥ್ರೋಮೈಸಿನ್ ಕೊಟ್ಟು ಗಂಟಲಿನ ಬ್ಯಾಕ್ಟೀರಿಯಾ ಎಣಿಸಿದರು. ಅಂಗಡಿಯಲ್ಲಿ ನಾವು ಕೊಳ್ಳುವ ಅದೇ ಮೂರು ದಿನದ ಲೆಕ್ಕ. ಔಷಧ ನಿರೋಧಕ ಸ್ಟ್ರೆಪ್ಟೊಕಾಕಸ್‌ಗಳ ಪಾಲು ದಿಢೀರನೆ ಏರಿತು, ಆರು ತಿಂಗಳಾದರೂ ಮೊದಲಿನ ಮಟ್ಟಕ್ಕೆ ಇಳಿಯಲಿಲ್ಲ. 2007ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಅಧ್ಯಯನ ಇದು. ಮೂರು ಮಾತ್ರೆಗೆ ಆರು ತಿಂಗಳು! ಆ ಆರು ತಿಂಗಳು ಆ ಗಂಟಲು ಮನೆಯಲ್ಲಿ ಕೆಮ್ಮುತ್ತದೆ, ಮೊಮ್ಮಗುವಿಗೆ ಮುತ್ತಿಡುತ್ತದೆ, ಹಾಸಿಗೆ ಹಿಡಿದ ಅಜ್ಜಿಯ ಪಕ್ಕ ಕೂತು ಮಾತಾಡುತ್ತದೆ. “ನನ್ನ ದುಡ್ಡು, ನನ್ನ ಎದೆ, ನನ್ನ ಮಾತ್ರೆ” ಎನ್ನುವವರಿಗೆ ನಾನು ಕೇಳುವುದು ಇಷ್ಟೇ: ಅಜ್ಜಿಯ ಎದೆ ಯಾರದು?

ಕೋವಿಡ್ ಕಾಲದಲ್ಲಿ ಈ ತಪ್ಪನ್ನು ಇಡೀ ದೇಶ ಸೇರಿ ಮಾಡಿತು. ವೈರಸ್ಸಿಗೆ ಅಜಿಥ್ರೋಮೈಸಿನ್ ಏನೂ ಮಾಡದು. ದೊಡ್ಡ ಪ್ರಯೋಗಗಳು 2021ರಲ್ಲಿ ಅದನ್ನೇ ಖಚಿತಪಡಿಸಿದವು. ಆದರೂ ಮೊದಲ ಅಲೆಯಲ್ಲೇ, 2020ರ ಜೂನ್‌ನಿಂದ ಸೆಪ್ಟೆಂಬರಿನೊಳಗೆ, ಭಾರತದಲ್ಲಿ ಸುಮಾರು 3.8 ಕೋಟಿ ಡೋಸ್ ಅಜಿಥ್ರೋಮೈಸಿನ್ ಹೆಚ್ಚುವರಿಯಾಗಿ ಮಾರಾಟವಾಯಿತೆಂದು ಒಂದು ಅಂದಾಜು. ಎಲ್ಲ ಆಂಟಿಬಯಾಟಿಕ್ ಸೇರಿದರೆ ಹೆಚ್ಚುವರಿ 21.6 ಕೋಟಿ ಡೋಸ್. 2021ರ ಏಪ್ರಿಲ್‌ನಲ್ಲಿ ನಾಗ್ಪುರದಲ್ಲಿ ಹಾಸಿಗೆ ಸಿಗದೆ ಜನ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯುತ್ತಿದ್ದಾಗ, ಹೆದರಿ ನುಂಗಿದವರನ್ನು ನಾನು ದೂರಲಾರೆ. ಭಯದಲ್ಲಿ ಕೈಗೆ ಸಿಕ್ಕಿದ್ದು ನುಂಗುತ್ತೇವೆ. ಆ ಕಾಲ ಮುಗಿಯಿತು, ಅಭ್ಯಾಸ ಮುಗಿಯಲಿಲ್ಲ. ಅದಕ್ಕೆ ಕ್ಷಮೆ ಇಲ್ಲ. ಕೋವಿಡ್‌ನಲ್ಲಾದರೂ ಅಷ್ಟು ಮದ್ದು ಎಷ್ಟು ಮಂದಿಗೆ ಬೇಕಿತ್ತು? ಔಷಧ ನಿರೋಧಕ ಸೋಂಕುಗಳ ಮೇಲೆ ಕಣ್ಣಿಟ್ಟಿರುವ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಜಾಲದ ಹತ್ತು ಆಸ್ಪತ್ರೆಗಳ 17,534 ಕೋವಿಡ್ ರೋಗಿಗಳ ಲೆಕ್ಕ ನೋಡಿ. ಆಸ್ಪತ್ರೆಯಲ್ಲಿ ಬ್ಯಾಕ್ಟೀರಿಯಾ ಇಲ್ಲವೆ ಶಿಲೀಂಧ್ರದ ಎರಡನೆಯ ಸೋಂಕು ಹತ್ತಿದವರು 3.6 ಶೇಕಡಾ ಮಾತ್ರ. ಆ ಕೆಲವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸತ್ತರು. ಒಟ್ಟು ರೋಗಿಗಳಲ್ಲಿ ಸತ್ತವರು ಸುಮಾರು ಹತ್ತರಲ್ಲಿ ಒಬ್ಬರು. ಆ ಸೋಂಕುಗಳಲ್ಲಿ ಮುಂದಿದ್ದವು ಕ್ಲೆಬ್ಸಿಯೆಲ್ಲಾ ನ್ಯುಮೋನಿಯೇ, ಅಸಿನೆಟೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾಗಳು. ಮದ್ದುಗಳ ಮಳೆಯಲ್ಲೂ ಬದುಕಿ ಉಳಿಯಲು ಕಲಿತಂಥವು ಇವು.

ಈ ಮಂಡಳಿಯ ಜಾಲದಲ್ಲಿ ನಾಗ್ಪುರದ ಪಕ್ಕದ ಸೇವಾಗ್ರಾಮದ ಮಹಾತ್ಮ ಗಾಂಧಿ ವೈದ್ಯಕೀಯ ವಿಜ್ಞಾನ ಸಂಸ್ಥೆಯೂ ಇದೆ. ಜಾಲದ ವಾರ್ಷಿಕ ವರದಿಗಳನ್ನು ಓದುವುದೆಂದರೆ ಇಳಿಜಾರಿನಲ್ಲಿ ಉರುಳುವುದನ್ನು ನೋಡುವುದು. ಕ್ಲೆಬ್ಸಿಯೆಲ್ಲಾ ಮಾದರಿಗಳಲ್ಲಿ ಇಮಿಪೆನೆಮ್ ಎಂಬ ಬಲಿಷ್ಠ ಮದ್ದಿಗೆ ಬಗ್ಗುವಂಥವು 2016ರಲ್ಲಿ 65 ಶೇಕಡಾ ಇದ್ದವು, 2021ರಲ್ಲಿ 43. ಅಸಿನೆಟೊಬ್ಯಾಕ್ಟರಿನಲ್ಲಿ ಆ ವರ್ಷ ಇಮಿಪೆನೆಮ್ ಜಾತಿಯ ಕಾರ್ಬಪೆನೆಮ್ ಮದ್ದುಗಳಿಗೆ ಬಗ್ಗದವು 87 ಶೇಕಡಾಕ್ಕೂ ಹೆಚ್ಚು. ವೆಂಟಿಲೇಟರ್ ಮೇಲಿರುವ ರೋಗಿಯ ಶ್ವಾಸಕೋಶದಲ್ಲಿ ಇವು ನೆಲೆಸಿದರೆ ವೈದ್ಯರು ಕೊಲಿಸ್ಟಿನ್ ಎಂಬ ಹಳೆಯ ಮದ್ದಿಗೆ ಕೈಚಾಚುತ್ತಾರೆ. ಮೂತ್ರಪಿಂಡಕ್ಕೆ ಹಾನಿ ಮಾಡುತ್ತದೆಂದು ಹಿಂದೆ ಪಕ್ಕಕ್ಕಿಟ್ಟಿದ್ದ ಮದ್ದು ಅದು. ಔಷಧ ನಿರೋಧಕ ಬ್ಯಾಕ್ಟೀರಿಯಾಗಳೇ ನೇರ ಕಾರಣವಾಗಿ 2019ರಲ್ಲಿ ಭಾರತದಲ್ಲಿ ಸುಮಾರು 2.97 ಲಕ್ಷ ಜನ ಸತ್ತರೆಂದು ಜಾಗತಿಕ ಅಂದಾಜು ಹೇಳುತ್ತದೆ.

ಕಳಮೇಶ್ವರದ ಹುಸಿಮಾತ್ರೆಯ ನಿಜವಾದ ಪಾಪ ಇಲ್ಲಿ ಕಾಣುತ್ತದೆ. ಪೌಡರು ನುಂಗಿದ ರೋಗಿಗೆ ವಾಸಿಯಾಗಲಿಲ್ಲ ಎನ್ನುವುದು ಅರ್ಧ ಕಥೆ. ವೈದ್ಯರಿಗೆ ಆ ಮಾತ್ರೆ ಸುಳ್ಳೆಂದು ಗೊತ್ತಿಲ್ಲ. ಸಿಪ್ರೋಫ್ಲಾಕ್ಸಾಸಿನ್ ಕೆಲಸ ಮಾಡಲಿಲ್ಲ, ಸೋಂಕು ನಿರೋಧಕ ಜಾತಿಯದಿರಬೇಕು ಎಂದುಕೊಂಡು ಮೇಲಿನ ಮೆಟ್ಟಿಲಿನ ಮದ್ದು ಬರೆಯುತ್ತಾರೆ. ಸುಳ್ಳು ಮಾತ್ರೆ ತಾನು ಒಂದು ಬ್ಯಾಕ್ಟೀರಿಯಾವನ್ನೂ ಮುಟ್ಟದೆ, ಬಲವಾದ ಮದ್ದನ್ನು ಬೇಡದ ಎದೆಗೆ ಕರೆತರುತ್ತದೆ. ಕೆಮ್ಮಿನ ಹೆಸರಿನಲ್ಲಿ ನಾಗ್ಪುರ ಇನ್ನೊಂದು ಪಾಪವನ್ನೂ ಕಂಡಿದೆ: 2025ರ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ನೆರೆಯ ಛಿಂದ್ವಾಡಾದಿಂದ ಮಕ್ಕಳು ಮೂತ್ರಪಿಂಡ ಕೆಟ್ಟು ನಾಗ್ಪುರದ ಆಸ್ಪತ್ರೆಗಳಿಗೆ ಬಂದರು, ಹಲವರು ಬದುಕಲಿಲ್ಲ. ಕುಡಿದಿದ್ದ ಕೆಮ್ಮಿನ ಸಿರಪ್‌ನಲ್ಲಿ ಡೈಇಥಿಲೀನ್ ಗ್ಲೈಕಾಲ್ ಎಂಬ ವಿಷ. ತಾನಾಗಿ ಹೋಗುವ ನೆಗಡಿ, ಕೆಮ್ಮಿಗೂ ಏನಾದರೂ ಕುಡಿಸಲೇಬೇಕು ಎಂಬ ನಮ್ಮ ಆತುರದ ಮೇಲೆಯೇ ಇಂಥ ವ್ಯಾಪಾರಗಳೆಲ್ಲ ನಡೆಯುವುದು.

ಹಾಗಾದರೆ ಆಂಟಿಬಯಾಟಿಕ್ಕೇ ಬೇಡವೇ? ಈ ಪ್ರಶ್ನೆ ಕೇಳುವವರನ್ನು ನಾನು ಗಡ್‌ಚಿರೋಲಿಗೆ ಕರೆದೊಯ್ಯುತ್ತೇನೆ. ನಾಗ್ಪುರದಲ್ಲಿ ವೈದ್ಯಕೀಯ ಓದಿದ ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ ವಿದರ್ಭದ ಆ ಕಾಡುಜಿಲ್ಲೆಯಲ್ಲಿ 1986ರಲ್ಲಿ ‘ಸರ್ಚ್’ ಸಂಸ್ಥೆ ಕಟ್ಟಿದರು. ಮಕ್ಕಳು ನ್ಯುಮೋನಿಯಾದಿಂದ ಸಾಯುತ್ತಿದ್ದರು, ವೈದ್ಯರು ಇರಲಿಲ್ಲ. ಹಳ್ಳಿಯ ಆರೋಗ್ಯ ಕಾರ್ಯಕರ್ತರಿಗೆ, ಸೂಲಗಿತ್ತಿಯರಿಗೆ ಮಗುವಿನ ಉಸಿರು ಎಣಿಸುವುದನ್ನು ಕಲಿಸಿದರು. ಓದು ಬಾರದ ಸೂಲಗಿತ್ತಿಗೆಂದು ಮಣಿಗಳು ಮತ್ತು ಒಂದು ನಿಮಿಷದ ಮರಳುಗಡಿಯಾರ ಇರುವ ಸಾಧನ ಮಾಡಿದರು. ಉಸಿರು ಮಿತಿ ಮೀರಿದ ಮಗುವಿಗೆ ಮಾತ್ರ ಕೊ-ಟ್ರೈಮಾಕ್ಸಜೋಲ್. 1990ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ಫಲಿತಾಂಶ ಇದು: ಈ ಹಳ್ಳಿಗಳಲ್ಲಿ ಹೀಗೆ ಚಿಕಿತ್ಸೆ ಪಡೆದ ನ್ಯುಮೋನಿಯಾ ಮಕ್ಕಳಲ್ಲಿ ಸತ್ತವರು 0.8 ಶೇಕಡಾ, ಹೋಲಿಕೆಯ ಹಳ್ಳಿಗಳಲ್ಲಿ 13.5 ಶೇಕಡಾ. ಅಗ್ಗದ, ಹಳೆಯ, ಹೆಸರಿಲ್ಲದ ಒಂದು ಮಾತ್ರೆ, ಸರಿಯಾದ ಎದೆಗೆ ಸರಿಯಾದ ಹೊತ್ತಿಗೆ ಹೋಯಿತು, ಅಷ್ಟೇ.

ಅದನ್ನು ನೆನೆದಾಗಲೆಲ್ಲ ನನಗೆ ನಾಚಿಕೆಯಾಗುತ್ತದೆ. ಅಕ್ಷರ ಬಾರದ ಸೂಲಗಿತ್ತಿ ಮಣಿ ಸರಿಸಿ, ಎಣಿಸಿ, ಬೇಕೋ ಬೇಡವೋ ಎಂದು ತೀರ್ಮಾನಿಸಿದಳು. ಪದವಿ ಪಡೆದ ನಾವು ಎಣಿಸದೆ ನುಂಗುತ್ತೇವೆ. ನಗರದಲ್ಲಿ ಬೇಡದ ಕೆಮ್ಮಿಗೆ ಮದ್ದು ಸುರಿಯುತ್ತದೆ, ಕಾಡಿನ ಅಂಚಿನಲ್ಲಿ ನ್ಯುಮೋನಿಯಾದ ಮಗುವಿಗೆ ಇವತ್ತಿಗೂ ಹೊತ್ತಿಗೆ ಸರಿಯಾಗಿ ಸಿಗುವುದಿಲ್ಲ. ಸಿಕ್ಕ ದಿನ ಕೆಲಸ ಮಾಡದಿದ್ದರೆ? ನಾವು ನಗರದಲ್ಲಿ ಖರ್ಚು ಮಾಡುತ್ತಿರುವುದು ಆ ಮಗುವಿನ ಮದ್ದಿನ ಬಲವನ್ನು.

ಎಷ್ಟು ದಿನ ಕೊಡಬೇಕು ಎಂಬಲ್ಲೂ ಹಳೆಯ ನಂಬಿಕೆಯನ್ನು ಅಲುಗಿಸುವ ಪುರಾವೆ ನಮ್ಮ ದೇಶದಲ್ಲೇ ಸಿಕ್ಕಿದೆ. ಭಾರತದ ಏಳು ದೊಡ್ಡ ಆಸ್ಪತ್ರೆಗಳ ಹೊರರೋಗಿ ವಿಭಾಗಗಳಲ್ಲಿ, ತೀವ್ರವಲ್ಲದ ನ್ಯುಮೋನಿಯಾದ ಎರಡು ಸಾವಿರಕ್ಕೂ ಹೆಚ್ಚು ಮಕ್ಕಳಿಗೆ ಕೆಲವರಿಗೆ ಮೂರು ದಿನ, ಕೆಲವರಿಗೆ ಐದು ದಿನ ಅಮಾಕ್ಸಿಸಿಲಿನ್ ಕೊಟ್ಟರು. 2004ರ ಫಲಿತಾಂಶ: ವಾಸಿಯಾದವರು 89.5 ಶೇಕಡಾ, 89.9 ಶೇಕಡಾ. ವ್ಯತ್ಯಾಸವೇ ಇಲ್ಲ. ಅದೇ ಮಕ್ಕಳಲ್ಲಿ ಸುಮಾರು ಕಾಲುಭಾಗದವರಿಗೆ ಆರ್‌ಎಸ್‌ವಿ ಎಂಬ ವೈರಸ್ ಇತ್ತು. ಅದಕ್ಕೆ ಯಾವ ಆಂಟಿಬಯಾಟಿಕ್ಕೂ ತಾಗದು. ಮದ್ದು ಎದೆಯಲ್ಲಿ ಹೆಚ್ಚು ದಿನ ಇದ್ದಷ್ಟೂ ಔಷಧ ನಿರೋಧಕ ಬ್ಯಾಕ್ಟೀರಿಯಾಕ್ಕೆ ಬಯಲು ಹೆಚ್ಚು ದಿನ ತೆರೆದಿರುತ್ತದೆ. ಆದರೆ ದಯವಿಟ್ಟು ಇದನ್ನು ಕ್ಷಯಕ್ಕೆ ಅನ್ವಯಿಸಬೇಡಿ. ಕ್ಷಯದ ಮಾತ್ರೆಗಳನ್ನು ವೈದ್ಯರು ಹೇಳಿದಷ್ಟು ತಿಂಗಳು, ಒಂದು ದಿನವೂ ಬಿಡದೆ ತೆಗೆದುಕೊಳ್ಳಬೇಕು. ಅಲ್ಲಿ ಅರ್ಧಕ್ಕೆ ನಿಲ್ಲಿಸುವುದೇ ನಿರೋಧಕ ಕ್ಷಯಕ್ಕೆ ಹುಟ್ಟು. ಬೇರೆ ಸೋಂಕಿಗೂ ದಿನಗಳನ್ನು ಕಡಿಮೆ ಮಾಡುವ ತೀರ್ಮಾನ ವೈದ್ಯರದ್ದು, ನಮ್ಮದಲ್ಲ.

ವೈದ್ಯರೇ, ನಿಮ್ಮ ಕಷ್ಟ ನನಗೆ ಗೊತ್ತು. ಹೊರಗೆ ಸಾಲು, ಎದುರಿಗೆ ಹೆದರಿದ ತಾಯಿ, ಬರೆಯದಿದ್ದರೆ ಪಕ್ಕದ ಕ್ಲಿನಿಕ್ಕಿಗೆ ಹೋಗುತ್ತಾಳೆ. ಆದರೂ ಬರೆಯುವ ಮುನ್ನ ಎರಡು ಮಾತು ಆಡಿ: ಇದು ವೈರಸ್ಸಮ್ಮ, ಇದಕ್ಕೆ ಈ ಮಾತ್ರೆ ಏನೂ ಮಾಡಲ್ಲ, ಉಸಿರು ಹೆಚ್ಚಾದರೆ ಮತ್ತೆ ಕರೆದುಕೊಂಡು ಬಾ. ಎರಡು ವಾರ ಮೀರಿದ ಕೆಮ್ಮಿಗೆ ಸಿಪ್ರೋಫ್ಲಾಕ್ಸಾಸಿನ್ ಜಾತಿಯ ಫ್ಲೋರೋಕ್ವಿನೊಲೋನ್ ಬರೆಯುವ ಮುನ್ನ ಕಫದ ಪರೀಕ್ಷೆ ಮಾಡಿಸಿ; ಆ ಮದ್ದು ಕ್ಷಯವನ್ನು ಅರೆಬರೆ ಅಡಗಿಸಿ ಪತ್ತೆಯನ್ನು ತಡಮಾಡಿಸುತ್ತದೆ, ಇದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಐಸಿಯುವಿನಲ್ಲಿ ಕಲ್ಚರ್ ರಿಪೋರ್ಟ್ ಬಂದ ದಿನ, ಮೊದಲು ಶುರುಮಾಡಿದ ಮೂರು ಮದ್ದುಗಳಲ್ಲಿ ಬೇಡದ್ದನ್ನು ನಿಲ್ಲಿಸುವ ಧೈರ್ಯ ಮಾಡಿ. ಶುರು ಮಾಡಲು ಯಾರಿಗೂ ಧೈರ್ಯ ಬೇಕಿಲ್ಲ.

ಅಂಗಡಿಯವರೇ, ನೀವು ಬಲ್ಲಿರಿ. ಬಲವಾದ ಆಂಟಿಬಯಾಟಿಕ್‌ಗಳಿಗೆಂದು ಶೆಡ್ಯೂಲ್ ಎಚ್1 ಬಂದು 2014ರ ಮಾರ್ಚ್ 1ಕ್ಕೆ ಜಾರಿಯಾಯಿತು. ಚೀಟಿ ನೋಡಬೇಕು, ರೋಗಿಯ ಹೆಸರು ಬರೆದುಕೊಳ್ಳಬೇಕು, ಆ ದಾಖಲೆ ಮೂರು ವರ್ಷ ಇಡಬೇಕು. ಪಟ್ಟಿಯ ಮೇಲಿನ ಕೆಂಪು ಗೆರೆ ಎಂದರೆ ಚೀಟಿಯಿಲ್ಲದೆ ಕೊಡಬಾರದ ಮದ್ದು ಎಂದು 2016ರಿಂದ ಸರ್ಕಾರ ಸಾರುತ್ತಿದೆ. ಆ ಗೆರೆ ನಿಮ್ಮ ಕಣ್ಣೆದುರಿಗೇ ದಿನಕ್ಕೆ ನೂರು ಸಲ ಬರುತ್ತದೆ. ಒಂದು ಪಟ್ಟಿಯ ಲಾಭ ಎಷ್ಟು ರೂಪಾಯಿ? ನಿಮ್ಮ ಮನೆಯವರೂ ಒಂದು ದಿನ ಅದೇ ಊರಿನ ಐಸಿಯುವಿಗೆ ಹೋಗಬೇಕಾದೀತು.

ಸರ್ಕಾರಗಳಿಗೆ, ಮಹಾರಾಷ್ಟ್ರಕ್ಕೂ ಕರ್ನಾಟಕಕ್ಕೂ, ಒಂದು ಮಾತು ಸಾಕು. ಆಸ್ಪತ್ರೆಗೆ ಬಂದ ಮಾತ್ರೆ ರೋಗಿಯ ಕೈ ಸೇರುವ ಮುನ್ನ ಅದರಲ್ಲಿ ಮದ್ದಿದೆಯೇ ಎಂದು ನೋಡಿ. ತಿಂಗಳುಗಟ್ಟಲೆ ಕಳೆದು ಬರುವ ಪ್ರಯೋಗಾಲಯ ವರದಿ ಸತ್ತವನಿಗೆ ಬೇಡ.

ಉಳಿದದ್ದು ನಮ್ಮ ಮನೆಯ ಮಾತು. ಹಳೆಯ ಪಟ್ಟಿಯಲ್ಲಿ ಉಳಿದ ಎರಡು ಮಾತ್ರೆಯನ್ನು ಜೋಪಾನ ಮಾಡಿ ಪಕ್ಕದ ಮನೆಯವರಿಗೆ ಕೊಡುವುದು ಔದಾರ್ಯ ಎಂದು ತಿಳಿದಿದ್ದೇವೆ, ನಿಲ್ಲಿಸೋಣ. ಚರಂಡಿಗೆ, ನಾಲೆಗೆ ಎಸೆಯುವುದನ್ನೂ ನಿಲ್ಲಿಸೋಣ: ಬ್ಯಾಕ್ಟೀರಿಯಾವನ್ನು ಕೊಲ್ಲಲಾರದಷ್ಟು ತೆಳುವಾದ ಮದ್ದಿನ ನೀರಿನಲ್ಲೂ ನಿರೋಧಕ ಜಾತಿಯೇ ಮೇಲುಗೈ ಪಡೆಯುತ್ತದೆಂದು ಸ್ವೀಡನ್ನಿನ ಉಪ್ಸಾಲಾದಲ್ಲಿ 2011ರಲ್ಲೇ ತೋರಿಸಿದ್ದಾರೆ. ನಾಗ್ಪುರಕ್ಕೆ ಹೆಸರು ಕೊಟ್ಟ ನಾಗ್ ನದಿ ಇಂದು ಊರಿನ ಕೊಳಚೆ ಹೊತ್ತು ಹರಿಯುತ್ತದೆ. ಬೆಂಗಳೂರಿನ ವೃಷಭಾವತಿಯೂ ಅಷ್ಟೇ.

ಈ ಚಳಿಗಾಲ ನಿಮ್ಮ ಮನೆಯ ಮಗುವಿಗೆ ಕೆಮ್ಮು ಬಂದರೆ, ಅದು ಅಳದೆ ಸುಮ್ಮನಿರುವಾಗ ಅಂಗಿ ಎತ್ತಿ, ಎದೆ ಹೊಟ್ಟೆ ನೋಡುತ್ತ, ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. ಎರಡು ತಿಂಗಳಿಂದ ಒಂದು ವರ್ಷದೊಳಗಿನ ಮಗುವಾದರೆ 50, ಒಂದರಿಂದ ಐದು ವರ್ಷದೊಳಗಿನದಾದರೆ 40. ಉಸಿರು ಅಷ್ಟಿದ್ದರೆ ಅಥವಾ ಹೆಚ್ಚಿದ್ದರೆ, ಪಕ್ಕೆ ಒಳಗೆ ಸೆಳೆಯುತ್ತಿದ್ದರೆ, ಮಗು ಹಾಲು ನೀರು ಬಿಟ್ಟಿದ್ದರೆ, ತಡಮಾಡದೆ ಆಸ್ಪತ್ರೆಗೆ ಓಡಿ. ಎರಡು ತಿಂಗಳೂ ತುಂಬದ ಕೂಸಾದರೆ ಎಣಿಸುತ್ತ ಕೂರದೆ ಓಡಿ. ಇದ್ಯಾವುದೂ ಇಲ್ಲದಿದ್ದರೆ ಬಿಸಿನೀರು ಕೊಡಿ, ಬೆಚ್ಚಗಿಡಿ, ಕಣ್ಣಿಟ್ಟಿರಿ, ಕೆಮ್ಮು ನಿಲ್ಲದಿದ್ದರೆ ವೈದ್ಯರಿಗೆ ತೋರಿಸಿ. ಅಂಗಡಿಗೆ ಹೋಗಿ ಪವರ್ ಇರುವ ಮಾತ್ರೆ ಮಾತ್ರ ಕೇಳಬೇಡಿ.